ಮಾತಿನ ಪಾಠ ಕೇಳುತ್ತ ಮೌನದ ಊಟ

ಎಣ್ಣೆಗಾಯಿಗೆ ರೊಟ್ಟಿ ಅದ್ದುವಷ್ಟರಲ್ಲಿ ಗೆಳೆಯ ಬಸವರಾಜ ಖಾಲಿ ಡಬ್ಬಿಯೊಂದನ್ನು ನಮ್ಮ ಮುಂದೆ ಹಿಡಿದ. "ಎಲ್ಲಾರೂ ಫೋನ್ ಇದರಾಗ ಹಾಕ್ರಿ."

ಶುಕ್ರವಾರ ಸಂಜೆ, ಇಲ್ಫರ್ಡಿನ ಅವನ ಮನೆಗೆ ನಾನೂ ನನ್ನ ಹೆಂಡತಿಯೂ ಊಟಕ್ಕೆ ಹೋಗಿದ್ದೆವು. ಯಹೂದಿಗಳ ಜೀವನಪಾಠ ಹೇಳುವ ಪಾಡ್‌ಕಾಸ್ಟ್ ಒಂದರ ಹುಚ್ಚು ಅವನಿಗೆ ಹೊಸದಾಗಿ ಹಿಡಿದಿತ್ತು. ಅವರಲ್ಲಿ ಆಚಾರವಂತರು ಶುಕ್ರವಾರ ಹೊತ್ತು ಮುಳುಗಿದ ಮೇಲೆ ಫೋನ್ ಮುಟ್ಟದೆ, ಮನೆಮಂದಿಯೆಲ್ಲ ಮಾತಾಡುತ್ತ ಉಣ್ಣುತ್ತಾರಂತೆ.

ನಮ್ಮ ಫೋನುಗಳು ಡಬ್ಬಿ ಸೇರಿದವು. ಅವನದು ಮಾತ್ರ ಉಪ್ಪಿನಕಾಯಿ ಬಾಟಲಿಗೆ ಒರಗಿ ನಿಂತು ಅದೇ ಪಾಡ್‌ಕಾಸ್ಟನ್ನು ಜೋರಾಗಿ ಕೇಳಿಸತೊಡಗಿತು. ಅವನ ಮಗಳ ಶಾಲೆಯ ವಿಚಾರ ಕೇಳಲು ನನ್ನ ಹೆಂಡತಿ ಬಾಯಿ ತೆರೆದಳು.

"ಶ್! ಸ್ವಲ್ಪ ಸುಮ್ಕಿರ್ರಿ ವೈನಿ, ಉಣ್ಣುವಾಗ ಹೆಂಗ ಮಾತಾಡಬೇಕು ಅಂತ ಹೇಳಾಕತ್ತಾರ!"

"ಡ್ಯಾಡ್, ಪ್ಲೀಸ್!" ಎಂದ ಮಗಳಿಗೂ ಸುಮ್ಮನಿರುವಂತೆ ಬೆರಳೆತ್ತಿ ತೋರಿಸಿದ. ಗೋಧಿ ಹುಗ್ಗಿ ಬಡಿಸುವವರೆಗೂ ಆ ಮನೆಯಲ್ಲಿ ಮಾತಾಡಿದ್ದು ಅವನ ಫೋನೊಂದೇ.

ಪಾಠವೇನೂ ದಂಡವಾಗಲಿಲ್ಲ. ಗ್ರೀನ್‌ಫರ್ಡಿನ ನಮ್ಮ ಮನೆಗೆ ಮರಳುವ ಟ್ಯೂಬ್ ರೈಲಿನಲ್ಲಿ ನಾವಿಬ್ಬರೂ ಫೋನ್ ಹೊರಗೇ ತೆಗೆಯದೆ, ಮದುವೆಯಾದ ಹೊಸತರಲ್ಲಿ ಆಡುತ್ತಿದ್ದ ಹಾಗೆ ದಾರಿಯುದ್ದಕ್ಕೂ ಮಾತಾಡಿದೆವು. ಆಡಿದ್ದೆಲ್ಲ ಬಸವರಾಜನಿಗೆ ಬೈಗುಳವೇ.