ಹುಣಸೆಹಣ್ಣಿನಲ್ಲಿ ಮಿಂದ ನಾಣ್ಯಗಳು

ನನ್ನ ಅಂಗೈ ಮೇಲೆ ಯಾರು ಏನು ಇಟ್ಟರೂ ನಾನು ಅದನ್ನು ತಿರುಗಿಸಿ ಹಿಂಬದಿ ನೋಡುತ್ತೇನೆ. ತೀರ್ಥ ಒಂದನ್ನು ಬಿಟ್ಟಿದ್ದೇನೆ, ಅದೂ ತಿರುಗಿಸಲು ಬರುವುದಿಲ್ಲವೆಂದು. ಅಹಮದಾಬಾದಿನಲ್ಲಿ ಹೋಟೆಲಿನ ಗಲ್ಲೆಯ ಮೇಲೆ ವರ್ಷಗಟ್ಟಲೆ ಕೂತವನಿಗೆ ಅಂಟಿದ ಚಟವಿದು. ಬಸ್ಸಿನ ಕಂಡಕ್ಟರು ಚಿಲ್ಲರೆ ಕೊಟ್ಟರೆ ನಾನು ಅದನ್ನು ಎಣಿಸುವುದಿಲ್ಲ, ಯಾವ ರಾಜನದೆಂದು ನೋಡುತ್ತೇನೆ. ಅಷ್ಟರಲ್ಲಿ ನನ್ನ ಸ್ಟಾಪು ದಾಟಿ ಹೋಗಿರುತ್ತದೆ.

ನಯಾ ಪೈಸೆ ಬಂದ ಹೊಸತರಲ್ಲಿ ಈ ಚಟ ರೋಗವೇ ಆಯಿತು. ಆಣೆ ಲೆಕ್ಕದವರು ಒಂದು ಕಡೆ, ಪೈಸೆ ಲೆಕ್ಕದವರು ಇನ್ನೊಂದು ಕಡೆ, ನಡುವೆ ಕಾಫಿ ಲೋಟ ಹಿಡಿದುಕೊಂಡು ನಾನು. ಆ ಗೊಂದಲದಲ್ಲಿ ಜನ ತಮ್ಮ ಮನೆಯ ಮೂಲೆಮುಡುಕಿನ ಹಳೆಯ ನಾಣ್ಯಗಳನ್ನೆಲ್ಲ ಹೊರತೆಗೆದು ಹೋಟೆಲಿನವನಿಗೆ ದಾಟಿಸಲು ನೋಡುತ್ತಿದ್ದರು. ಉಳಿದ ಹೋಟೆಲಿನವರು ಜಗಳವಾಡುತ್ತಿದ್ದರು. ನಾನು ಸಂತೋಷದಿಂದ ತೆಗೆದುಕೊಂಡು ಗಲ್ಲೆಗೆ ನನ್ನ ಕೈಯಿಂದ ಚಿಲ್ಲರೆ ಹಾಕುತ್ತಿದ್ದೆ. ಬೆಳ್ಳಿಯ ರೂಪಾಯಿ ತಂದವರಿಗೆ ಅದರ ಬೆಲೆ ಕೊಟ್ಟು ಮೇಲೊಂದು ಕಾಫಿಯನ್ನೂ ಕೊಟ್ಟದ್ದುಂಟು. ಹೀಗೆ ಬರೋಡಾ ಸಂಸ್ಥಾನದ ಕುದುರೆ ಗೊರಸಿನ ಗುರುತಿರುವ ತಾಮ್ರದ ಕಾಸು, ಕಚ್ಛದ ಕೋರಿಯೆಂಬ ಬೆಳ್ಳಿಯ ನಾಣ್ಯ, ಸೂರತ್ತು ದೊಡ್ಡ ಬಂದರಾಗಿದ್ದ ಕಾಲದಲ್ಲಿ ಅಲ್ಲಿನ ಟಂಕಸಾಲೆಯಲ್ಲಿ ಅಚ್ಚಾದ ರೂಪಾಯಿ, ಎಲ್ಲವೂ ನಮ್ಮ ಮನೆಯ ವನಸ್ಪತಿ ಡಬ್ಬಿಗಳನ್ನು ಸೇರಿದವು. ಜೀವಮಾನವಿಡೀ ಕಾದಾಡಿದ ಅರಸರೆಲ್ಲ ಒಂದೇ ಡಬ್ಬಿಯಲ್ಲಿ ಮೈಗೆ ಮೈ ತಾಗಿಸಿ ಮಲಗಿರುವುದನ್ನು ನೋಡಿದರೆ ನನಗೆ ವೈರಾಗ್ಯ ಬರುತ್ತಿತ್ತು. ನನ್ನ ಹೆಂಡತಿ ಗಿರಿಜೆಗೆ ಸಿಟ್ಟು ಬರುತ್ತಿತ್ತು.

"ಹ್ವಾಯ್, ಡಬ್ಬಿಯಗೆಲ್ಲ ರಾಜ್ರೇ ಕೂಕಂಡ್ರೆ ನಾ ಬೇಳಿ ಎಲ್ ಇಡುದ್?" ಎಂದು ಕೇಳುತ್ತಿದ್ದಳು. ನಾವು ಕುಂದಾಪುರದ ಕಡೆಯವರು. ಗುಜರಾತಿಗೆ ಬಂದು ಎಷ್ಟು ಕಾಲವಾದರೂ ಆಕೆಯ ಮಾತಿಗೆ ಊರಿನ ಉಪ್ಪುಗಾಳಿ ತಾಗಿಯೇ ಇತ್ತು.

ಈ ಅರಸರನ್ನು ಮಾರಬೇಕಾದ ದಿನ ಬಂದದ್ದು ಹೀಗೆ. ಹೋಟೆಲಿದ್ದ ಕಟ್ಟಡದ ಶೇಠರು ತೀರಿಕೊಂಡರು. ಅವರ ಮಗ ಬಂದು, ಜಾಗ ನಮಗೇ ಉಳಿಯಬೇಕಿದ್ದರೆ ದೀಪಾವಳಿಯೊಳಗೆ ಹೊಸದಾಗಿ ಪಗಡಿ ಕೊಡಬೇಕು, ಇಲ್ಲವಾದರೆ ಬಟ್ಟೆ ಅಂಗಡಿಯವರು ಕಾಯುತ್ತಿದ್ದಾರೆ ಎಂದ. ಪಗಡಿ ಎಂದರೆ ಬಾಡಿಗೆಯಲ್ಲದೆ ಮೊದಲೇ ಕೊಡಬೇಕಾದ ಗಂಟು. ನಮ್ಮ ಬಳಿ ಗಂಟು ಎಂದು ಇದ್ದದ್ದು ಆ ಡಬ್ಬಿಗಳೇ. ಹೋಟೆಲು ಹೋದರೆ ನಾವಿಬ್ಬರೂ ಅಡುಗೆಯ ವಾಸುದೇವನೂ ಬೀದಿಗೆ ಬಿದ್ದಂತೆ. ಗಿರಿಜೆ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದಳು: "ಎಲ್ಲಾ ಮಾರಿ. ಅತ್ತಿಯೋರ್ ಕೊಟ್ಟ್ ಆನಿ ಕಾಸ್ ಒಂದ್ ಮಾತ್ರ ಬ್ಯಾಡ."

ಆನೆ ಕಾಸು ಎಂದರೆ ಒಂದು ಬದಿಗೆ ಆನೆಯಿರುವ ಮೈಸೂರಿನ ಹಳೆಯ ತಾಮ್ರದ ಕಾಸು. ಹೋಟೆಲು ಕೆಲಸಕ್ಕೆಂದು ನಾನು ಊರು ಬಿಟ್ಟಾಗ ಅಮ್ಮ ತನ್ನ ಎಲೆಯಡಿಕೆ ಸಂಚಿಯಿಂದ ತೆಗೆದು, "ಇದ್ ಇದ್ರೆ ಕೈ ಬರಿದಾಪ್ದಿಲ್ಲ" ಎಂದು ಕೊಟ್ಟದ್ದು. ನನ್ನ ಸಂಗ್ರಹದ ಮೊದಲ ನಾಣ್ಯ ಅದೇ.

ಮಾರುವುದೆಂದು ನಿಶ್ಚಯವಾದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಲ್ಲೆಯಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಓಡಾಡಿದೆ. ಇಡ್ಲಿ ಮಾರುವುದು ನನಗೆ ಗೊತ್ತು. ಇಡ್ಲಿಯನ್ನು ಮೆಚ್ಚಿದವನು ತಿನ್ನುತ್ತಾನೆ, ಹಸಿದವನೂ ತಿನ್ನುತ್ತಾನೆ. ಹಳೆಯ ನಾಣ್ಯಕ್ಕೆ ಹಸಿವಿನವರು ಯಾರಿದ್ದಾರೆ? ಮೊದಲು ಮಾಣೆಕ್ ಚೌಕಿನ ಬೆಳ್ಳಿ ಪೇಟೆಗೆ ಹೋದೆ. ಅಲ್ಲಿನ ವ್ಯಾಪಾರಿ ನಾಣ್ಯದ ಮುಖ ಕೂಡ ನೋಡದೆ ಒಂದು ಮುಷ್ಟಿ ತೆಗೆದು ತಕ್ಕಡಿಗೆ ಸುರಿದ. ಕರಗಿಸಿದರೆ ಎಷ್ಟು ಬೆಳ್ಳಿ ಬರುತ್ತದೆ ಎಂಬುದಷ್ಟೇ ಅವನ ಚಿಂತೆ. ಅರಸರನ್ನು ಬದನೆಕಾಯಿಯ ಹಾಗೆ ತೂಗುವುದನ್ನು ನೋಡಲಾರದೆ ಎಲ್ಲವನ್ನೂ ಬಾಚಿಕೊಂಡು ಮನೆಗೆ ಬಂದೆ.

ನಮ್ಮಲ್ಲಿ ದಿನಾ ಮಸಾಲೆದೋಸೆ ತಿನ್ನುತ್ತಿದ್ದ ಮೇಷ್ಟರೊಬ್ಬರು ಬರೋಡಾದ ಒಬ್ಬ ಮಹನೀಯರ ವಿಳಾಸ ಕೊಟ್ಟರು. ಸಂಸ್ಥಾನದ ಕಾಲದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ನಾಣ್ಯಗಳ ಹುಚ್ಚರು, ಸಂಗ್ರಹವನ್ನು ಒಡೆಯದೆ ಇಡಿಯಾಗಿ ಕೊಳ್ಳುವವರು. ಕಾಗದ ಬರೆದೆ. ಭಾನುವಾರ ತನ್ನಿ ಎಂದು ಉತ್ತರ ಬಂತು. ನನಗೆ ರೆಕ್ಕೆ ಬಂದಂತಾಯಿತು. ಆ ಸಂಭ್ರಮದಲ್ಲಿ ನಾನು ಹೋಟೆಲಿನವನೊಬ್ಬನೇ ಮಾಡಬಹುದಾದ ಕೆಲಸ ಮಾಡಿದೆ.

ನಮ್ಮ ಕಸುಬಿನಲ್ಲಿ ತೊಳೆಯದ ಯಾವುದನ್ನೂ ಗಿರಾಕಿಯ ಮುಂದೆ ಇಡುವಂತಿಲ್ಲ. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ಫಳಫಳ ಎನ್ನದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ನಾಣ್ಯಗಳೋ ಒಲೆಯೊಳಗಿಂದ ಹೆಕ್ಕಿದಂತೆ ಕಪ್ಪಗಿದ್ದವು. ಇಂಥವನ್ನು ದೊಡ್ಡ ಮನುಷ್ಯರ ಮುಂದೆ ಇಡುವುದೇ? ಸಾಂಬಾರಿಗೆಂದು ನೆನೆಹಾಕಿದ ಹುಣಸೆಹಣ್ಣು ಬೇಕಾದಷ್ಟಿತ್ತು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಾನೂ ವಾಸುದೇವನೂ ಕಚ್ಚೆ ಕಟ್ಟಿ ಕೂತು, ಹುಳಿ ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದೆವು. "ಹ್ಯಾಂಗ್ ಹೊಳೂಕ್ ಹಿಡಿದಿತ್ ಕಾಣಿ, ಅಣ್ಣಯ್ಯ!" ಎಂದು ವಾಸುದೇವ ಹಿಗ್ಗಿದ. ಗಿರಿಜೆಯೂ ಬಂದು ನೋಡಿ, ಇಷ್ಟು ಚಂದ ಇದ್ದವೇ ಇವು ಎಂದಳು. ನಾನು ಮೀಸೆ ತಿರುವಿಕೊಂಡೆ.

ಬರೋಡಾದ ಮಹನೀಯರು ಡಬ್ಬಿಯ ಮುಚ್ಚಳ ತೆಗೆದರು. ಅವರ ಮುಖ ಹಾಲು ಒಡೆದಂತಾಯಿತು. "ಯೇ ಕ್ಯಾ ಕಿಯಾ, ಭಾಯಿ?" ಇದೇನು ಮಾಡಿಬಿಟ್ಟಿರಿ ಎಂದರು. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ನಾಣ್ಯದ ಮೇಲೆ ಕಾಲ ಹಚ್ಚಿದ ಆ ಕಪ್ಪೇ ಅದರ ವಯಸ್ಸಿನ ಸಾಕ್ಷಿ, ಸಂಗ್ರಹಕಾರರು ಹಣ ಕೊಡುವುದು ಅದಕ್ಕೇ, ನೀವು ಅದನ್ನೇ ಉಜ್ಜಿ ಚರಂಡಿಗೆ ಬಿಟ್ಟಿರಿ ಎಂದು ಮೆಲ್ಲಗೆ ವಿವರಿಸಿದರು. ಸೂತಕದ ಮನೆಯಲ್ಲಿ ಕೂರಿಸುವಂತೆ ಕೂರಿಸಿ ಚಹಾ ಕೊಟ್ಟರು. ಒಂದೂ ನಾಣ್ಯ ಕೊಳ್ಳಲಿಲ್ಲ. ಕೊಳೆಗೆ ಬೆಲೆ, ಶುಭ್ರತೆಗೆ ದಂಡ ಎಂಬ ಈ ಲೋಕ ನನಗೆ ಅರ್ಥವೇ ಆಗಲಿಲ್ಲ. ಅಲ್ಲಿಂದ ಮನೆಗೆ ಮರಳಲು ಮುಖವಿಲ್ಲದೆ, ಎದುರು ದಿಕ್ಕಿನ ರೈಲು ಹತ್ತಿ ಸೂರತ್ತಿಗೆ ಹೋದೆ. ದಾರಿಯುದ್ದಕ್ಕೂ ಡಬ್ಬಿಗಳನ್ನು ಸೀಟಿನ ಕೆಳಗಿಟ್ಟೆ, ತೊಡೆಯ ಮೇಲಿಟ್ಟೆ, ಮತ್ತೆ ಕೆಳಗಿಟ್ಟೆ. ಪಕ್ಕದವರು ನನ್ನನ್ನು ಕಳ್ಳನೆಂದೇ ತಿಳಿದಿರಬೇಕು.

ಸೂರತ್ತಿನಲ್ಲಿ ಗಿರಿಜೆಯ ತಮ್ಮನ ಹೋಟೆಲಿದೆ. ಅವನು ನನ್ನನ್ನು ಪರಿಚಯದ ಬೆಳ್ಳಿ ವ್ಯಾಪಾರಿಯ ಬಳಿ ಕರೆದೊಯ್ದ. ಆ ವ್ಯಾಪಾರಿ ನಾಣ್ಯ ನೋಡಿದ್ದೇ ಅರಳಿದ. ದೀಪಾವಳಿಗೆ ಮುಂಚಿನ ಧನತೇರಸ್ ಹತ್ತಿರ ಬಂತು, ಅಂದು ಪ್ರತಿ ಮನೆಯಲ್ಲೂ ಹಳೆಯ ಬೆಳ್ಳಿಯ ನಾಣ್ಯ ತೊಳೆದು ಲಕ್ಷ್ಮಿಯೆಂದು ಪೂಜಿಸುತ್ತಾರೆ, ಚಿನ್ನದ ಮೇಲೆ ಸರ್ಕಾರದ ಕಣ್ಣು ಬಿದ್ದಿರುವ ಈ ಕಾಲದಲ್ಲಿ ಬೆಳ್ಳಿಗೇ ಗಿರಾಕಿ, ಹೀಗೆ ಹೊಳೆಯುವ ಮಾಲು ಎಲ್ಲಿ ಸಿಕ್ಕೀತು ಎಂದ. ಅವನು ಹೇಳಿದ ಬೆಲೆ ಮಾತ್ರ ಮಾಣೆಕ್ ಚೌಕಿನದಕ್ಕಿಂತ ಹೆಚ್ಚಿರಲಿಲ್ಲ. "ಭಾವ, ಇವ್ರಿಗೇ ಕೊಟ್ ಬಿಡಿ. ಇಲ್ದಿರೆ ಮತ್ತೆ ಹೊತ್ಕಂಡ್ ಹೋಯ್ಕಲ್ದಾ?" ಎಂದ ಭಾವಮೈದ. ನಾನು ಹೊತ್ತುಕೊಂಡೇ ಬಂದೆ. ಒಂದೊಂದಾಗಿ ಮಾರುವುದೇ ಆದರೆ ನನಗೂ ಒಂದು ಗಲ್ಲೆ ಇದೆಯಲ್ಲ!

ಮರುದಿನವೇ ನಮ್ಮ ಹೋಟೆಲಿನ ಗಾಜಿನ ಕಪಾಟಿನಲ್ಲಿ ಮೈಸೂರುಪಾಕಿನ ಪಕ್ಕ ಬೆಳ್ಳಿಯ ರೂಪಾಯಿಗಳು ಕೂತವು. ಜನ ಮುಗಿಬಿದ್ದರು. ಹಿಂದೆ ಯಾರು ನನಗೆ ದಾಟಿಸಿ ನಕ್ಕಿದ್ದರೋ ಅವರೇ ಬಂದು, "ಅಣ್ಣಾ, ಚಮಕ್‌ವಾಲಾ ಕೊಡಿ" ಎಂದು ಹೊಳೆಯುವುದನ್ನೇ ಆರಿಸಿ ಒಯ್ದರು. ತಾಮ್ರ ಯಾರಿಗೂ ಬೇಡವಾಗಿತ್ತು. ದೋಸೆಯ ಜೊತೆ ಸಾಂಬಾರು ಕೊಟ್ಟ ಹಾಗೆ ಪ್ರತಿ ಬೆಳ್ಳಿಯ ನಾಣ್ಯದೊಡನೆ ಒಂದು ತಾಮ್ರದ ಕಾಸು ಬಿಟ್ಟಿ ಎಂದೆ. ಎರಡನೆಯ ಸಲವೂ ಸಾಂಬಾರು ಕೇಳುವ ನನ್ನ ಗಿರಾಕಿಗಳು ಇಲ್ಲಿಯೂ ಇನ್ನೊಂದು ಕಾಸು ಕೇಳಿ ಪಡೆದರು.

ಡಬ್ಬಿ ಬರಿದಾಯಿತು, ಪಗಡಿ ಸಂದಿತು, ಹೋಟೆಲು ಉಳಿಯಿತು. ಗಿರಿಜೆ ಡಬ್ಬಿಗೆ ಬೇಳೆ ತುಂಬಲು ಹೊರಟವಳು ತಟ್ಟನೆ ಕೇಳಿದಳು: "ಆನಿ ಕಾಸ್ ಎಲ್ಲಿತ್?"

ತೊಳೆಯುವ ದಿನ ಅದೂ ಹುಣಸೆ ನೀರಿಗೆ ಬಿದ್ದಿತ್ತು. ಕಪ್ಪಗಿದ್ದಾಗ ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದೆ. ಮಿಂದು ಬಂದ ಮೇಲೆ ಎಲ್ಲವೂ ಒಂದೇ ಬಣ್ಣ. ಮುಗಿಬಿದ್ದ ಜನರ ಗಡಿಬಿಡಿಯಲ್ಲಿ, ತಿರುಗಿಸಿಯೂ ನೋಡದೆ, ನನ್ನ ಕೈಯಾರೆ ಯಾರಿಗೋ ಸಾಂಬಾರಿನ ಲೆಕ್ಕದಲ್ಲಿ ಕೊಟ್ಟುಬಿಟ್ಟಿದ್ದೆ. ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಬಂದ ಗಿರಾಕಿಗಳನ್ನೆಲ್ಲ ಆನೆ ಕಂಡಿರಾ ಎಂದು ಕೇಳಿ ನಗೆಪಾಟಲಾದೆ.

ಧನತೇರಸಿನ ಸಂಜೆ ಎದುರು ಮನೆಯ ಮುದುಕಿ ಜೀವಿಬಾ ನಮ್ಮಿಬ್ಬರನ್ನೂ ಪೂಜೆಗೆ ಕರೆದರು. ತಟ್ಟೆಯ ನಡುವೆ ನಮ್ಮಲ್ಲೇ ಕೊಂಡ ಬೆಳ್ಳಿಯ ರೂಪಾಯಿ, ಅದರ ಪಕ್ಕ, ಕುಂಕುಮ ಹಚ್ಚಿಸಿಕೊಂಡು, ನನ್ನ ಆನೆ! ಆಕೆ ಅದಕ್ಕೆ ಹಾಲೆರೆಯುತ್ತಿದ್ದರು. "ಆ ತೊ ಗಣಪತಿ ಛೆ, ಅಣ್ಣಾ," ಇವನು ಗಣಪತಿ, ಲಕ್ಷ್ಮಿಯ ಜೊತೆಗೆ ತಾನಾಗಿ ಬಂದ ಎಂದು ಬೊಚ್ಚು ಬಾಯಿ ತುಂಬ ನಕ್ಕರು. ಕೇಳಿದ್ದರೆ ಕೊಟ್ಟೇಬಿಡುತ್ತಿದ್ದರು. ಗಿರಿಜೆ ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ನಾನು ಅದನ್ನು ಡಬ್ಬಿಯಲ್ಲಿಟ್ಟು ಎಣಿಸಿದ್ದೆ, ಒಮ್ಮೆಯೂ ಒಂದು ಹೂವು ಇಟ್ಟಿರಲಿಲ್ಲ. ಅಮ್ಮನ ಮಾತು ನೆನಪಾಯಿತು. ಹೋಟೆಲು ಉಳಿದಿದೆ, ಕೈ ಬರಿದಾಗಿಲ್ಲ.

ಜೀವಿಬಾ ಆ ಕಾಸನ್ನು ಕಣ್ಣಿಗೊತ್ತಿಕೊಳ್ಳಲೆಂದು ನನ್ನ ಅಂಗೈ ಮೇಲೆ ಇಟ್ಟರು. ಹಾಲಿನಿಂದ ತಣ್ಣಗಿತ್ತು. ನಾನು ತಿರುಗಿಸಿ ನೋಡಲಿಲ್ಲ. ಕಣ್ಣಿಗೊತ್ತಿಕೊಂಡು ತಟ್ಟೆಯಲ್ಲೇ ಇಟ್ಟು, ಎಷ್ಟೋ ದಿನಗಳ ಮೇಲೆ ಒಂದು ಕಡೆ ನೆಮ್ಮದಿಯಾಗಿ ಕೂತೆ. ಆಮೇಲೆ ಅವರು ಅದೇ ಅಂಗೈಗೆ ಪ್ರಸಾದದ ಪೇಡಾ ಹಾಕಿದರು. ಅದನ್ನು ಮಾತ್ರ ತಿರುಗಿಸಿ ನೋಡಿದೆ.