ಯಜ್ಞೇಶ್ವರರಾಯರ ರಿಲೇ

ಹುಬ್ಬಳ್ಳಿ ತಾರು ಕಚೇರಿಯ ಯಜ್ಞೇಶ್ವರರಾಯರ ದನಿ ಎದುರಿಗಿದ್ದವರಿಗೂ ಕೇಳುತ್ತಿರಲಿಲ್ಲ. 1934ರ ಒಂದು ಮಧ್ಯಾಹ್ನ, ಊರ ಗರಡಿಯ ಹುಡುಗ ಕೊಲ್ಹಾಪುರದಲ್ಲಿ ಹಿಡಿದ ಕುಸ್ತಿಯ ಸುದ್ದಿಗಾಗಿ ಕಚೇರಿಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ನಡುದಾರಿಯ ಮಳೆಗೆ ತಂತಿ ತೊಯ್ದು ವಿದ್ಯುತ್ತು ಸೊರಗಿತ್ತು. ದೂರದ ಮಿಡಿತವನ್ನು ಹಿಡಿದು ಜೋರು ಮಾಡಿ ದಾಟಿಸುವ ಸಾದಾ ರಿಲೇ ಮಿಸುಕಲಿಲ್ಲ. ರಾಯರು ಅದನ್ನು ಬಿಚ್ಚಿ, ಅಯಸ್ಕಾಂತದ ನಾಜೂಕು ರಿಲೇ ಜೋಡಿಸಿದರು. ಅದು ಆ ಕ್ಷೀಣ ಮಿಡಿತವನ್ನು ಹಿಡಿದು ಇಲ್ಲಿಯ ಬ್ಯಾಟರಿಗೆ ದಾಟಿಸಿದ್ದೇ ತಡ, ಯಂತ್ರ ಟಕಟಕ ಬಡಿಯಿತು.

ರಾಯರು ಬರೆದುಕೊಟ್ಟ ತಾರು ಓದಿದ, ಹುಡುಗನಿಗೆ ಕುಸ್ತಿ ಕಲಿಸಿದ ಗರಡಿಯ ವಸ್ತಾದ ಫಕೀರಪ್ಪ ಕಣ್ಣೊರೆಸಿಕೊಳ್ಳುತ್ತ ಕಾಗದವನ್ನು ಅವರ ಕೈಗೇ ತಿರುಗಿ ಕೊಟ್ಟ. "ನೀವ ಹೇಳ್ರಿ, ರಾಯರ."

"ನಮ್ಮ ಹುಡುಗ ಗೆದ್ದಾನ," ಎಂದರು ರಾಯರು ಬಾಗಿಲಿಗೆ ಬಂದು. ಜನಕ್ಕೆ ಕೇಳಲಿಲ್ಲ.

ಊಟದ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಹೆಂಡತಿ ಮಂದಾಕಿನಿಬಾಯಿಗೆ ಕೇಳಿತು. "ಗೆದ್ದಾನ್ರೀ! ನಮ್ಮ ಹುಡುಗ ಗೆದ್ದಾನ!" ಆಕೆಯ ಕೂಗಿಗೆ ಓಣಿಯೇ ಕುಣಿಯಿತು.

"ಸರಕಾರದ ರಿಲೇ ಒಳಗ ಅದ," ರಾಯರು ಹೆಂಡತಿಯತ್ತ ನೋಡಿ ಉಸುರಿದರು, "ನಂದು ಇಲ್ಲೇ ಅದ."

ಆಕೆ ಅದನ್ನೂ ಕೂಗಿ ಹೇಳಿದಳು.