ಐತವಾರದ ಅತ್ತೆ, ಸೋಮವಾರದ ಎತ್ತು

ನಮ್ಮ ಮನೆಯಲ್ಲಿ ವಾರಕ್ಕೆ ಎರಡು ರಜೆ ಇದ್ದವು. ಸೋಮವಾರ ಎತ್ತುಗಳಿಗೆ, ಐತವಾರ ಅತ್ತೆಗೆ. ಅವ್ವನಿಗೂ ನನಗೂ ಯಾವ ವಾರವೂ ಇರಲಿಲ್ಲ.

ಸೋಮವಾರ ಶಿವನ ದಿನ. ನಮ್ಮೂರು ಇಂದೂರಿನಲ್ಲಿ ನಮ್ಮಂಥ ಒಕ್ಕಲು ಮನೆಯವರು ಯಾರೂ ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ತಕರಾರು ಇದ್ದದ್ದು ಐತವಾರದ್ದು.

ಅತ್ತೆ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಅವಳ ಗಂಡ ಸತ್ತ. ಗಂಡನ ಮನೆಯವರು ಇಟ್ಟುಕೊಳ್ಳಲಿಲ್ಲ, ನಮ್ಮ ಅಜ್ಜ ಕರೆತರಲಿಲ್ಲ. ಹುಬ್ಬಳ್ಳಿಯಲ್ಲಿ ಜರ್ಮನ್ ಪಾದ್ರಿಗಳ ಆಸರೆಗೆ ಹೋದಳು. ಅಲ್ಲಿ ನೇಯಲು ಕಲಿತಳು, ಓದಲು ಕಲಿತಳು, ಕೊರಳಿನ ಲಿಂಗ ತೆಗೆದಿಟ್ಟು ಅವರ ಮತಕ್ಕೆ ಸೇರಿದಳು. ಜರ್ಮನಿಯ ಜೊತೆ ಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಆ ಪಾದ್ರಿಗಳನ್ನು ಹಿಡಿದು ಎಲ್ಲಿಗೋ ಒಯ್ದಿತು. ಅತ್ತೆಯ ಕೆಲಸ ಹೋಯಿತು. ಒಂದು ತಗಡಿನ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಅಜ್ಜ ಸತ್ತಿದ್ದ. ಅಪ್ಪ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ದನದ ಮನೆಯ ಮಗ್ಗುಲಲ್ಲಿ ಹೊಟ್ಟು ತುಂಬುವ ಕೋಣೆ ಖಾಲಿ ಮಾಡಿಕೊಟ್ಟ. ಅವ್ವ ಅವಳಿಗೆಂದು ಒಂದು ತಾಟು ಬೇರೆ ಇಟ್ಟಳು.

ತಾನು ಲೂಥರನ್, ಆ ಜರ್ಮನ್ ಪಾದ್ರಿಗಳ ಪಂಗಡದವಳು ಎಂದು ಅತ್ತೆ ಹೇಳಿಕೊಳ್ಳುತ್ತಿದ್ದಳು. ಆ ಮಾತು ಊರವರ ನಾಲಿಗೆಯಲ್ಲಿ ಹೊರಳಲಿಲ್ಲ. ಹಳಿಯಾಳದ ಕಡೆ ಕೊಂಕಣಿ ಕಿರಿಸ್ತಾನರಿದ್ದಾರಲ್ಲ, ನೀನು ಅವರವಳೇ ಎಂದು ಯಾರಾದರೂ ಕೇಳಿದರೆ, “ಅವರು ಬ್ಯಾರೆ, ನಾವು ಬ್ಯಾರೆ” ಎನ್ನುತ್ತಿದ್ದಳು. ಏನು ಬೇರೆ ಎಂದು ಕೇಳಿದವರು ಆಮೇಲೆ ಯಾಕೆ ಕೇಳಿದೆವೋ ಎಂದುಕೊಳ್ಳುವಷ್ಟು ಹೊತ್ತು ಹೇಳುತ್ತಿದ್ದಳು.

ಅವಳು ಮತ ಕಲಿತದ್ದು ಪ್ರಶ್ನೆ ಉತ್ತರದಲ್ಲಿ. ಪಾದ್ರಿ ಒಂದು ಮಾತು ಹೇಳಿ, ಹಾಗೆಂದರೆ ಏನು ಎಂದು ಕೇಳಬೇಕು, ಇವರು ಉತ್ತರ ಒಪ್ಪಿಸಬೇಕು. ಅದು ಬಾಯಿಗೆ ಹತ್ತಿಬಿಟ್ಟಿತ್ತು. ನನಗೆ ಗೋಡೆಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು ಕಲಿಸುವಾಗಲೂ ಅದೇ.

“ಐತವಾರ ಕೆಲಸ ಮಾಡಬಾರದು. ಹಂಗಂದ್ರ ಏನು?”

“ಶನಿವಾರ ಎರಡಪಟ್ಟ ಮಾಡಬೇಕು” ಎಂದೆ ಒಮ್ಮೆ. ಹೊಡೆಯಲಿಲ್ಲ, ನಗಲೂ ಇಲ್ಲ. ಅವಳು ಅಕ್ಷರ ಕಲಿಸಿದ್ದು ಮುಂದೆ ಅರ್ಧಕ್ಕೇ ನಿಂತಿತು. ಇವತ್ತಿಗೂ ಒತ್ತಕ್ಷರ ಬಂದಲ್ಲಿ ನನ್ನ ಕೈ ನಿಲ್ಲುತ್ತದೆ.

ನಾನು ಹೇಳಿದ್ದು ಸುಳ್ಳಲ್ಲ. ಶನಿವಾರ ಅವಳು ಎರಡು ದಿನದ ನೀರು ಹೊರುತ್ತಿದ್ದಳು, ಎರಡು ದಿನದ ರೊಟ್ಟಿ ಬಡಿಯುತ್ತಿದ್ದಳು, ಭತ್ತ ಕುಟ್ಟುತ್ತಿದ್ದಳು. ಐತವಾರ ಒಗೆದ ಸೀರೆ ಉಟ್ಟು ಹೊರಗಿನ ಕಟ್ಟೆಯ ಮೇಲೆ ಕುಳಿತು ಪುಸ್ತಕ ಬಿಚ್ಚುತ್ತಿದ್ದಳು. ಹಾಡುತ್ತಿದ್ದಳು. ದನಿ ಚೆನ್ನಾಗಿರಲಿಲ್ಲ.

ಕಸಬರಿಗೆ ಹಿಡಿದ ಅವ್ವ ಅವಳ ಕಾಲ ಬುಡಕ್ಕೆ ಬಂದು ನಿಲ್ಲುತ್ತಿದ್ದಳು. “ಅಕ್ಕಾರ, ಕಾಲಾದ್ರೂ ಎತ್ತರಿ. ಅದೂ ಕೆಲಸ ಏನು?”

ಅತ್ತೆ ಕಾಲು ಎತ್ತುತ್ತಿದ್ದಳು. ಓದು ನಿಲ್ಲುತ್ತಿರಲಿಲ್ಲ.

ಹೀಗೇ ನಡೆದಿತ್ತು. ಕೆಟ್ಟದ್ದು ಒಂದು ಸುಗ್ಗಿಯಲ್ಲಿ. ಭತ್ತ ಕೊಯ್ದು ಕಣಕ್ಕೆ ತಂದಿದ್ದೆವು. ಆಳುಗಳೆಲ್ಲ ದೊಡ್ಡ ಹೊಲದವರ ಕಡೆ ಹೋಗಿದ್ದರು. ಮೋಡ ಕಟ್ಟುತ್ತಿತ್ತು. ಐತವಾರವೇ ಎತ್ತು ತಿರುಗಿಸಿ ತುಳಿಸುವುದು ಮುಗಿಯಬೇಕಿತ್ತು, ಮರುದಿನ ಎತ್ತು ಹೂಡುವಂತಿಲ್ಲ. ಅಪ್ಪ ಕಣದಿಂದ ಬಂದು ಕಟ್ಟೆಯ ಮುಂದೆ ನಿಂತ.

“ಅಕ್ಕಾ, ಇವತ್ತೊಂದ ದಿನ ಬಾ. ಹುಲ್ಲ ಜಾಡಸಾಕ ಕೈ ಸಾಲವಲ್ವು. ನಾಳೆ ಎತ್ತ ಹೂಡಂಗಿಲ್ಲ.”

“ಯಾಕ ಹೂಡಂಗಿಲ್ಲ?”

“ನಾಳೆ ಸೋಮಾರ.”

“ಇವತ್ತ ಐತವಾರ.”

“ಎತ್ತೂ ನೀನೂ ಒಂದ ಏನು?”

“ಎತ್ತಿಗಾದ್ರೂ ಒಂದ ದಿನ ಬಿಟ್ಟೀಯಲ್ಲ. ನಾ ಅಷ್ಟ ಕೇಳಾಕತ್ತೀನಿ.”

ಅಪ್ಪ ತಿರುಗಿ ಹೋದ. ಅರ್ಧ ಭತ್ತ ಉಳಿಯಿತು. ಸೋಮವಾರ ಅತ್ತೆ ಎಲ್ಲರಿಗಿಂತ ಮೊದಲು ಕಣಕ್ಕೆ ಹೋಗಿ ನಿಂತಳು. ಎತ್ತುಗಳು ಮನೆಯಲ್ಲಿ ಹುಲ್ಲು ಮೆಲ್ಲುತ್ತಿದ್ದವು. ಸಂಜೆ ಮಳೆ ಬಂತು. ಉಳಿದ ಭತ್ತ ತೆನೆಯಲ್ಲೇ ಮೊಳಕೆ ಒಡೆಯಿತು. ಅವ್ವ ಐತವಾರದಿಂದ ಹೀಗಾಯಿತು ಎಂದಳು, ಅತ್ತೆ ಸೋಮವಾರದಿಂದ ಎಂದಳು. ಆ ವರ್ಷ ಮುಗ್ಗಲು ವಾಸನೆಯ ಅನ್ನ ಉಂಡೆವು.

“ಈ ಮನ್ಯಾಗ ನಿಮ್ಮಕ್ಕ ಇರಬೇಕು, ಇಲ್ಲಾ ನಾ ಇರಬೇಕು” ಎಂದಳು ಅವ್ವ. ಅಪ್ಪ ಎತ್ತುಗಳಿಗೆ ನೀರು ಕುಡಿಸಲು ಎದ್ದು ಹೋದ. ಅತ್ತೆಗೆ ಅಷ್ಟು ಸಾಕಾಯಿತು. ದಾಂಡೇಲಿಯ ಕಡೆಯ ಸಾಬರ ಮಿಸ್ತ್ರಿಯೊಬ್ಬ ಅಕ್ಕಿ ಕೊಳ್ಳಲು ನಮ್ಮೂರಿಗೆ ಬರುತ್ತಿದ್ದ. ಕುಳಗಿಯ ಕಾಡಿನಲ್ಲಿ ಮರ ಕೊಯ್ಯುವ ಅವನ ಮಂದಿಗೆ ಅಡಿಗೆಯವಳು ಬೇಕಿತ್ತು. ಅತ್ತೆ ಪೆಟ್ಟಿಗೆ ತೆಗೆದುಕೊಂಡು ಅವನ ಜೊತೆ ಹೋದಳು. ಯಾರೂ ಇರು ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಹೊಟ್ಟಿನ ಕೋಣೆಗೆ ಮತ್ತೆ ಹೊಟ್ಟು ತುಂಬಿದೆವು.

ಎರಡು ಮಳೆಗಾಲ ಹೋದವು. ಚಳಿಗಾಲದ ಒಂದು ಶನಿವಾರ ಅದೇ ಮಿಸ್ತ್ರಿ ಕಟ್ಟಿಗೆ ಲಾರಿಯಲ್ಲಿ ಅತ್ತೆಯನ್ನು ತಂದು ಇಳಿಸಿದ. ಕಾಡಿನ ಚಳಿಜ್ವರ. ಮೈಯಲ್ಲಿ ಎಲುಬು ಮಾತ್ರ ಉಳಿದಿತ್ತು.

“ನಾಳೆ ಬರೂಣು ಅಂದೆ” ಎಂದ ಮಿಸ್ತ್ರಿ. ಅತ್ತೆಯನ್ನು ಅವನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ. “ಖಾಲಾ ಕೇಳಲಿಲ್ಲ. ಐತವಾರ ಗಾಡಿ ಹತ್ತಂಗಿಲ್ಲಂತ.”

“ನಿಮಗೂ ಐತವಾರದ ಕಾಟ ಇತ್ತೇನ್ರಿ?” ಎಂದಳು ಅವ್ವ.

“ಐತವಾರ ನಮಗ ತಂಗಳ ರೊಟ್ಟಿ ರೀ ಅಕ್ಕಾ. ಮೊದಲ ಮೊದಲ ಹುಡುಗರು ಒದರಿದ್ರು. ಒಂದ ಶುಕ್ರವಾರ ನಾವು ನಮಾಜಿಗಂತ ಗರಗಸ ಕೆಳಗಿಟ್ವಿ. ಕೆಲಸ ನೋಡಕೊಳ್ಳೋ ಮುಕಾದಮ ಬೈಯಾಕ ನಿಂತ. ಖಾಲಾ ಸೌಟ ಹಿಡಕೊಂಡ ಬಂದು, ಅವರ ದಿನಾ ಅವರಿಗೆ ಬಿಡು ಅಂದ್ರು. ಅವತ್ತಿಂದ ತಂಗಳ ರೊಟ್ಟಿಗೆ ಯಾರೂ ಪಿಟ್ ಅನ್ನಲಿಲ್ಲ.”

ಅವ್ವ ಒಳಗಿನಿಂದ ಚಾಪೆ ತಂದಳು. ಹೊಟ್ಟಿನ ಕೋಣೆಯನ್ನು ಖಾಲಿ ಮಾಡಲು ಹೊತ್ತಿರಲಿಲ್ಲ. ಅತ್ತೆಯನ್ನು ಪಡಸಾಲೆಯಲ್ಲೇ ಮಲಗಿಸಿದೆವು.

ಸಂಜೆ ಗಂಜಿ ಒಯ್ದಾಗ ನನ್ನ ಕೈ ಹಿಡಿದಳು. “ನಾಳೆ ನಾ ಹೋದ್ನಿ ಅಂದ್ರ ಯಾರೂ ಗುದ್ದಲಿ ಹಿಡಿಬ್ಯಾಡ್ರಿ. ಐತವಾರ ನನ್ನ ಸಲುವಾಗಿ ಕೆಲಸ ಬ್ಯಾಡ. ಸೋಮಾರ ತೋಡ್ರಿ. ನಿಮ್ಮಪ್ಪಗ ಹೇಳು.”

ಉಣ್ಣಲು ಕುಳಿತ ಅಪ್ಪನಿಗೆ ಹೇಳಿದೆ. “ಸಾಯಾಕೂ ವಾರ ನೋಡತಾಳ” ಎಂದಳು ಅವ್ವ. ಅಪ್ಪ ಇನ್ನೊಂದು ರೊಟ್ಟಿ ಕೇಳಿದ.

ಬೆಳಗ್ಗೆ ಅವಳು ಹೋಗಿದ್ದಳು.

ನಮ್ಮಲ್ಲಿ ಹೆಣ ಮನೆಯಲ್ಲಿರುವ ತನಕ ಒಲೆ ಹಚ್ಚುವುದಿಲ್ಲ. ಅದಕ್ಕೆ ಬೇಗ ಮಣ್ಣು ಮಾಡುತ್ತಾರೆ. ಊರ ಹಿರಿಯರು ಇಬ್ಬರು ಬಂದರು. ಮಧ್ಯಾಹ್ನದೊಳಗೆ ಮುಗಿಸು, ನಿನ್ನ ಹೊಲದಲ್ಲಿ ಮಾಡು, ನಮ್ಮ ಜಾಗದಲ್ಲಿ ಬೇಡ ಎಂದರು. ಹೊಲಕ್ಕೆ ಅಪ್ಪ ಹೂಂ ಎಂದ. ಇವತ್ತು ತೋಡುವುದಿಲ್ಲ ಎಂದ.

“ಲಿಂಗ ಬಿಟ್ಟಾಕಿಗೆ ಯಾವ ವಾರಪಾ?”

“ಆಕೀದು ಐತವಾರ” ಎಂದ ಅಪ್ಪ.

“ಹಂಗಾದ್ರ ನಾಳೆ ನಿನಗ ಹೆಗಲ ಕೊಡಾಕ ಯಾರೂ ಬರಂಗಿಲ್ಲ ನೋಡು.”

ಅಪ್ಪ ಅದಕ್ಕೂ ಹೂಂ ಎಂದ. ಅವರು ಹೋದರು. ಅಪ್ಪ ಅತ್ತೆ ಕೂಡುತ್ತಿದ್ದ ಕಟ್ಟೆಯ ಮೇಲೆ ಹೋಗಿ ಕುಳಿತ. ಇಡೀ ದಿನ ನಮ್ಮ ಒಲೆ ಹತ್ತಲಿಲ್ಲ, ಯಾರೂ ಕೆಲಸ ಮುಟ್ಟಲಿಲ್ಲ. ಅವ್ವ ಒಮ್ಮೆ ಕಸಬರಿಗೆ ಎತ್ತಿದಳು, ಮತ್ತೆ ಮೂಲೆಗೆ ಇಟ್ಟಳು. ನನಗೆ ಅಳು ಬರಲಿಲ್ಲ. ಹಸಿವಾಗಿತ್ತು. ಅಷ್ಟೇ ನೆನಪಿದೆ.

ಸೋಮವಾರ ಬೆಳಕು ಹರಿದ ಕೂಡಲೇ ಅಪ್ಪ ಹೊಲದ ಮೂಲೆಯಲ್ಲಿ ಕುಣಿ ತೋಡಿದ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಹೂಳುತ್ತಾರೆ. ಅಪ್ಪನಿಗೆ ಗೊತ್ತಿದ್ದದ್ದೂ ಅದೇ, ಚೌಕಾಗಿ ಆಳಕ್ಕೆ ತೋಡಿದ್ದ. ನಾನು ನೀರು ಒಯ್ದಿದ್ದೆ.

“ಅಪ್ಪಾ, ಅವರಲ್ಲಿ ಮಲಗಸ್ತಾರಂತ.”

“ಯಾರ ಹೇಳಿದ್ರು?”

“ಅತ್ತೀನ ಹೇಳಿದ್ಲು.”

ಅಪ್ಪ ಕುಣಿಯೊಳಗಿಂದ ನನ್ನನ್ನು ನೋಡಿದ. ನೀರು ಕುಡಿದ. ಆಮೇಲೆ ಉದ್ದಕ್ಕೆ ತೋಡಲು ಶುರು ಮಾಡಿದ.

ಮನೆಗೆ ಬಂದು ಹೆಣವನ್ನು ಚಕ್ಕಡಿಯಲ್ಲಿ ಮಲಗಿಸಿದ. ಅವ್ವನೂ ನಾನೂ ಕೈ ಕೊಟ್ಟೆವು. ಹೇಳಿದ ಹಾಗೇ ಊರವರು ಯಾರೂ ಬರಲಿಲ್ಲ. ಅಪ್ಪ ದನದ ಮನೆಗೆ ಹೋಗಿ ಎತ್ತುಗಳ ಮುಂದೆ ನಿಂತ. ಹಗ್ಗ ಬಿಚ್ಚುತ್ತಾನೆ ಎಂದುಕೊಂಡೆ. ಅವನು ಒಂದು ಕಂತೆ ಹುಲ್ಲು ಹಾಕಿ ಬಂದು, ತಾನೇ ನೊಗಕ್ಕೆ ಎದೆ ಕೊಟ್ಟ.

“ಎತ್ತ ಹೂಡ್ರಿ. ಸತ್ತಾಕಿ ಸಲುವಾಗಿ ಶಿವ ಏನೂ ಅನ್ನಂಗಿಲ್ಲ” ಎಂದಳು ಅವ್ವ.

“ಇವತ್ತ ಸೋಮಾರ” ಎಂದ ಅಪ್ಪ.

ಅವ್ವ ಸೆರಗು ಸಿಕ್ಕಿಸಿಕೊಂಡು ಹಿಂದೆ ಹೋದಳು. “ಅಕ್ಕ ತಮ್ಮ ಇಬ್ಬರದೂ ಒಂದ ಜಾತಿ” ಎಂದು ಚಕ್ಕಡಿ ನೂಕಿದಳು. ನಾನು ಅವಳ ಮಗ್ಗುಲಿಗೆ ನಿಂತು ನೂಕಿದೆ. ದಾರಿಯಲ್ಲಿ ಸಿಕ್ಕವರು ಸರಿದು ನಿಂತರು. ಯಾರೂ ನಗಲಿಲ್ಲ, ಯಾರೂ ಕೈ ಹಚ್ಚಲಿಲ್ಲ.

ಕುಣಿಯಲ್ಲಿ ಇಳಿಸಿ ಮಲಗಿಸಿದ ಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ನಮ್ಮ ಸ್ವಾಮಿಗಳು ಬರುವಂತಿಲ್ಲ, ಅವಳ ಪಾದ್ರಿಗಳು ಎಲ್ಲಿದ್ದರೋ.

“ನಿನಗ ಕಲಿಸಿದ್ಲಲ್ಲ, ಅದನ್ನ ಅನ್ನು” ಎಂದಳು ಅವ್ವ ನನಗೆ.

ನಾನು ನಿಂತೆ. ಬಾಯಿ ತೆರೆದೆ. ಬಂದದ್ದು ಒಂದೇ ಮಾತು.

“ಹಂಗಂದ್ರ ಏನು?”

ಅದರ ಮುಂದಿನದು ಬರಲಿಲ್ಲ. ಅಪ್ಪ ಗುದ್ದಲಿ ಎತ್ತಿಕೊಂಡ. “ಇರಲಿ” ಎಂದು ಮಣ್ಣು ಎಳೆಯತೊಡಗಿದ.

ಮನೆಗೆ ಬಂದು ಮಿಂದೆವು. ಅವ್ವ ಒಲೆ ಹಚ್ಚಿದಳು. ಮಂಗಳವಾರ ಎತ್ತು ಹೂಡಿದೆವು.